ಮಘೆಯ ಪಕ್ಕದ ಚುಕ್ಕಿ ಎಲ್ಲಿ ಹೋಯಿತು?

ಚೆನ್ನೈಯ ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಒಂದು ಮೂಲೆಯಿದೆ. ಮೌಂಟ್-ಪೂನಮಲ್ಲಿ ರಸ್ತೆಯ ದೀಪಗಳ ಬೆಳಕು ಅಲ್ಲಿಗೆ ನೇರವಾಗಿ ಬೀಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ವಾರಕ್ಕೊಂದು ರಾತ್ರಿ, ಊಟ ಮುಗಿಸಿ, ಒಂದು ಚಾಪೆ, ಒಂದು 10×50 ಬೈನಾಕ್ಯುಲರ್, ಒಂದು ನೂರು ಪುಟದ ನೋಟ್‌ಬುಕ್ಕು ಹಿಡಿದು ಅಲ್ಲಿಗೆ ಹೋಗುತ್ತೇನೆ. ಕುರ್ಚಿ ಒಯ್ದರೆ ಕುತ್ತಿಗೆ ಉಳಿಯದು. ನೋಡಬೇಕಾದದ್ದು ನೆತ್ತಿಯ ಮೇಲೇ ಇದೆ. ಮೊದಮೊದಲು ಮೋಟಾರ್ ಆಫ್ ಮಾಡಲು ಬಂದ ವಾಚ್‌ಮನ್ ಅಂಗಾತ ಬಿದ್ದಿದ್ದ ನನ್ನನ್ನು ಕಂಡು ಗಾಬರಿಯಾಗಿದ್ದರು. ಈಗ ಅಭ್ಯಾಸವಾಗಿದೆ. "ಎನ್ನ ಸಾರ್, ಇನ್ನುಂ ತೂಂಗಲೆಯಾ?" (ಏನ್ ಸಾರ್, ಇನ್ನೂ ಮಲಗಿಲ್ವಾ?) ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಳಿದುಹೋಗುತ್ತಾರೆ.

ನಾನು ನೋಡುವುದು ಮಘಾ ನಕ್ಷತ್ರದ ಪಕ್ಕದ ಒಂದು ಚುಕ್ಕಿಯನ್ನು. ಸಿಂಹ ರಾಶಿಯ ಆ ಚುಕ್ಕಿಯ ಹೆಸರು ಆರ್ ಲಿಯೋನಿಸ್. ಕೆಲವು ತಿಂಗಳು ಅದು ಬೈನಾಕ್ಯುಲರಿನಲ್ಲಿ ಕೆಂಡದ ಕಿಡಿಯ ಹಾಗೆ ಕಾಣುತ್ತದೆ. ಆಮೇಲೆ ವಾರದಿಂದ ವಾರಕ್ಕೆ ಮಂಕಾಗುತ್ತ ಹೋಗಿ, ಒಂದು ರಾತ್ರಿ ಆ ಜಾಗದಲ್ಲಿ ಏನೂ ಇರುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳೆಲ್ಲ ಇದ್ದಲ್ಲೇ ಇವೆ, ಇದೊಂದೇ ಇಲ್ಲ. ಮೋಡದ ಕಾಟವಲ್ಲ, ಕಣ್ಣಿನ ದೋಷವೂ ಅಲ್ಲ. ಸುಮಾರು 310 ದಿನಕ್ಕೊಂದು ಸುತ್ತಿನಂತೆ ಈ ನಕ್ಷತ್ರ ಬೆಳಗಿ, ಬಾಡಿ, ಮತ್ತೆ ಬೆಳಗುತ್ತದೆ. 1782ರಲ್ಲಿ ಜರ್ಮನಿಯ ಕೋಖ್ ಎಂಬಾತ ಇದನ್ನು ಪತ್ತೆಮಾಡಿದಾಗಿನಿಂದ ಈ ಆಟ ನಡೆದೇ ಇದೆ.

ನಮ್ಮ ತಾರಸಿಯಿಂದ ಪೋರೂರು ಕೆರೆ ಕಾಣುತ್ತದೆ. ತಮಿಳಿನಲ್ಲಿ ಅದು 'ಪೋರೂರು ಏರಿ'. ನಮಗೆ ಏರಿ ಅಂದರೆ ಕೆರೆಯ ದಂಡೆ, ಇವರಿಗೆ ಇಡೀ ಕೆರೆಯೇ ಏರಿ. ಬಂದ ಹೊಸತರಲ್ಲಿ "ಏರಿ ತುಂಬಿದೆ" ಎಂಬ ಮಾತು ಕೇಳಿ ದಂಡೆ ತುಂಬುವುದು ಹೇಗೆ ಎಂದು ತಲೆ ಕೆರೆದುಕೊಂಡಿದ್ದೆ. ಡಿಸೆಂಬರಿನಲ್ಲಿ ಅದು ತುಳುಕುತ್ತದೆ, ಜೂನ್ ಹೊತ್ತಿಗೆ ಅಂಚೆಲ್ಲ ಕೆಸರು. ಕೆರೆ ಹಿಗ್ಗಿ ಕುಗ್ಗುವುದಕ್ಕೆ ಮಳೆ ಕಾರಣ. ನಕ್ಷತ್ರ ಹಿಗ್ಗಿ ಕುಗ್ಗುವುದಕ್ಕೆ ಏನು ಕಾರಣ?

ಅದಕ್ಕೆ ಮುಂಚೆ ಅಳತೆಯ ಮಾತು. ನಕ್ಷತ್ರದ ಹೊಳಪನ್ನು ಕಾಂತಿಮಾನ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು, ತರಗತಿಯ ರ‍್ಯಾಂಕಿನ ಹಾಗೆ. ಮಘೆಯದು ಸುಮಾರು 1.4. ಒಳ್ಳೆಯ ಕತ್ತಲಿರುವ ಹಳ್ಳಿಯಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ಪೋರೂರಿನಲ್ಲಿ 3.5 ದಾಟಿದರೆ ಆ ರಾತ್ರಿ ಪುಣ್ಯ ಮಾಡಿದೆ ಅಂತ ಲೆಕ್ಕ. 5 ಅಂಕಿಯ ಅಂತರವೆಂದರೆ ಹೊಳಪಿನಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ, ಒಂದು ಅಂಕಿಗೆ 2.512 ಪಟ್ಟು. ಆರ್ ಲಿಯೋನಿಸ್ ತನ್ನ ಅತಿ ಉಜ್ವಲ ಗಳಿಗೆಯಲ್ಲಿ 4.4, ಅತಿ ಮಂಕಿನಲ್ಲಿ 11.3. ಗುಣಿಸಿ ನೋಡಿ, ಐನೂರು ಪಟ್ಟಿಗೂ ಮೀರಿದ ಏರಿಳಿತ. ನಮ್ಮ ಸೂರ್ಯ ಹೀಗೆ ಮಾಡಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಈ 2.512ರ ಲೆಕ್ಕವನ್ನು 1856ರಲ್ಲಿ ಮುಂದಿಟ್ಟವರು ನಾರ್ಮನ್ ಪಾಗ್ಸನ್. ಆಗ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಇಂದು ಜಗತ್ತಿನ ಯಾವ ವೀಕ್ಷಣಾಲಯವೇ ಆಗಲಿ, ನಕ್ಷತ್ರ ಅಳೆಯುವುದು ಅವರ ಮಾನದಲ್ಲೇ. ಆ ಪಾಗ್ಸನ್ 1861ರಲ್ಲಿ ಮದ್ರಾಸಿಗೆ ಬಂದರು, ಮೂವತ್ತು ವರ್ಷ ಇಲ್ಲೇ ದುಡಿದು 1891ರಲ್ಲಿ ಇಲ್ಲೇ ತೀರಿಕೊಂಡರು. ಬಂದ ವರ್ಷವೇ ಇಲ್ಲಿಂದ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟರು. ಮದ್ರಾಸಿಗೆ ಬರುವ ಮುಂಚೆಯೇ ಆರ್ ಸಿಗ್ನಿ, ಆರ್ ಕ್ಯಾಸಿಯೋಪಿಯೆ ಮೊದಲಾದ ದೀರ್ಘಾವಧಿಯ ಚರತಾರೆಗಳನ್ನು ಗುರುತಿಸಿದ್ದ ಮನುಷ್ಯ ಅವರು. ಹೊಳಪು ಏರಿಳಿಯುವ ಇಂಥ ನಕ್ಷತ್ರಗಳ ಹುಚ್ಚಿಲ್ಲದವನಿಗೆ ಅಂಥ ಕರಾರುವಾಕ್ಕಾದ ಮಾನ ಬೇಕು ಅನ್ನಿಸುತ್ತಲೇ ಇರಲಿಲ್ಲವೇನೋ.

ಮದ್ರಾಸಿನ ಆ ವೀಕ್ಷಣಾಲಯ ಇದ್ದದ್ದು ನುಂಗಂಬಾಕ್ಕಂನಲ್ಲಿ, ಪೋರೂರಿನಿಂದ ಹದಿನೈದು ಕಿಲೋಮೀಟರಿನೊಳಗೆ. ಚೆನ್ನೈಯವರಿಗೆ ಈ ಹೆಸರು ಬೇರೆ ಕಾರಣಕ್ಕೆ ಬಾಯಿಪಾಠ. ಮಳೆ ಬಂದಾಗಲೆಲ್ಲ ಟಿವಿಯಲ್ಲಿ "ನುಂಗಂಬಾಕ್ಕಂನಲ್ಲಿ ಇಷ್ಟು, ಮೀನಂಬಾಕ್ಕಂನಲ್ಲಿ ಇಷ್ಟು" ಎಂದು ಹೇಳುತ್ತಾರಲ್ಲ, ಆ ಹವಾಮಾನ ಕೇಂದ್ರದ ಆವರಣವೇ ಅದು. 1792ರಲ್ಲಿ ದೂರದರ್ಶಕ ನಿಲ್ಲಿಸಲು ನೆಟ್ಟ ಗ್ರಾನೈಟ್ ಕಂಬ ಅಲ್ಲಿ ಈಗಲೂ ಇದೆ, ಮೈಮೇಲೆ ತಮಿಳು, ತೆಲುಗು ಶಾಸನಗಳನ್ನು ಹೊತ್ತು. ನಕ್ಷತ್ರದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. ಅದರ ಮುಂದಿನ ಕವಲೇ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ನನ್ನ ಆಸಕ್ತಿ ಪಾಗ್ಸನ್‌ಗಿಂತ ಹೆಚ್ಚಾಗಿ ಅವರ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರಲ್ಲಿ. 1867ರ ಜನವರಿಯಲ್ಲಿ ಅವರು ದಕ್ಷಿಣ ಆಕಾಶದ ರೆಟಿಕ್ಯುಲಂ ಪುಂಜದಲ್ಲಿ ಒಂದು ಚರತಾರೆಯನ್ನು ಪತ್ತೆಮಾಡಿದರು. ಇಂದು ಅದರ ಹೆಸರು ಆರ್ ರೆಟಿಕ್ಯುಲಿ. ಒಂದು ಪುಂಜದಲ್ಲಿ ಮೊದಲು ಸಿಕ್ಕ ಚರತಾರೆಗೆ 'ಆರ್', ಎರಡನೆಯದಕ್ಕೆ 'ಎಸ್', ಹೀಗೆ ಅಕ್ಷರ ಕೊಡುವ ವಾಡಿಕೆ. ಅಂದರೆ ಆ ಪುಂಜದ ಮೊದಲ ಚರತಾರೆ ಮದ್ರಾಸಿನದು. ಅದೂ ಆರ್ ಲಿಯೋನಿಸ್‌ನ ಜಾತಿಯದೇ. ಸುಮಾರು 278 ದಿನದ ಅವಧಿ, ಹೆಚ್ಚೆಂದರೆ 6.5ರ ಹೊಳಪು, ಇಳಿದರೆ 14ರ ಹತ್ತಿರ.

ಅವರ ಕೈಯಲ್ಲಿದ್ದ ಸಲಕರಣೆ ಮೆರಿಡಿಯನ್ ಸರ್ಕಲ್. ಅದು ಆಕಾಶದಲ್ಲಿ ಎಲ್ಲೆಂದರಲ್ಲಿ ತಿರುಗುವ ದೂರದರ್ಶಕ ಅಲ್ಲ. ಪೂರ್ವ-ಪಶ್ಚಿಮದ ಅಚ್ಚಿನ ಮೇಲೆ ಕೂತು, ಉತ್ತರ-ದಕ್ಷಿಣದ ಒಂದೇ ಗೆರೆಯಲ್ಲಿ ಬಾವಿಯ ರಾಟೆಯಂತೆ ಮೇಲೆ ಕೆಳಗೆ ಹೊರಳುತ್ತದೆ, ಅಷ್ಟೆ. ಭೂಮಿ ತಿರುಗುತ್ತಿದ್ದ ಹಾಗೆ ನಕ್ಷತ್ರ ತಾನಾಗಿ ಬಂದು ಕಣ್ಣಿನ ಮುಂದಿನ ಸಣ್ಣ ಎಳೆಗಳನ್ನು ದಾಟಬೇಕು. ಗಡಿಯಾರದ ಟಿಕ್ ಟಿಕ್ ಕೇಳುತ್ತ, ಎಳೆ ದಾಟಿದ ಕ್ಷಣವನ್ನು ಬರೆದುಕೊಳ್ಳಬೇಕು. ನಕ್ಷತ್ರದ ಸ್ಥಾನ, ಹೊಳಪಿನ ಅಂದಾಜು, ಮುಂದಿನ ನಕ್ಷತ್ರ. ರಾತ್ರಿಯಿಡೀ ಇದೇ. ವರ್ಷಗಟ್ಟಲೆ ಇದೇ. ಹೊರಗಿನಿಂದ ನೋಡಿದವರಿಗೆ ಇದು ಗುಮಾಸ್ತಿಕೆ.

ಆದರೆ ದೀರ್ಘಾವಧಿಯ ಚರತಾರೆ ಸಿಕ್ಕಿಬೀಳುವುದು ಇಂಥ ಗುಮಾಸ್ತಿಕೆಯಲ್ಲೇ. ಒಂದು ರಾತ್ರಿ ನೋಡಿದರೆ ಅದು ಎಲ್ಲ ನಕ್ಷತ್ರಗಳಂತೆ ಒಂದು ಚುಕ್ಕಿ. ಅದರ ಹೊಳಪು ಬದಲಾಗುತ್ತಿದೆ ಅಂತ ಗೊತ್ತಾಗಬೇಕಾದರೆ ಹಿಂದೆ ಯಾರೋ ಬರೆದಿಟ್ಟಿರಬೇಕು, ಈಗ ಯಾರೋ ಮತ್ತೆ ನೋಡಬೇಕು. ಲೆಕ್ಕ ಹಾಕಿ: ರೆಟಿಕ್ಯುಲಂ ಮದ್ರಾಸಿನ ದಕ್ಷಿಣದ ಗೆರೆಗೆ ಸಂಜೆ ಹೊತ್ತಿನಲ್ಲಿ ಬರುವುದು ಜನವರಿಯಲ್ಲಿ. ಈಶಾನ್ಯ ಮಳೆ ತೊಳೆದುಹೋದ ಆಕಾಶ ಕೂಡ ಆಗಲೇ. ಒಂದು ಜನವರಿಯಿಂದ ಮುಂದಿನ ಜನವರಿಗೆ 365 ದಿನ, ನಕ್ಷತ್ರದ ಸುತ್ತು 278 ದಿನ. ಉಳಿದ 87 ದಿನದಷ್ಟು ಅದು ಮುಂದೆ ಹೋಗಿರುತ್ತದೆ. ಹೋದ ವರ್ಷ ಇಲ್ಲಿ ಹೊಳೆಯುತ್ತಿದ್ದದ್ದು ಈ ವರ್ಷ ಮಂಕು. ಪುಸ್ತಕ ತಿರುವಿ ಹಾಕುವವನಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ಒಂದು ತಮಾಷೆಯೂ ಇದೆ: ರೆಟಿಕ್ಯುಲಂ ಎಂಬ ಹೆಸರನ್ನು ಆ ಪುಂಜಕ್ಕೆ ಕೊಟ್ಟ ಫ್ರಾನ್ಸಿನ ಲಕಾಯ್ ಎಂಬ ಖಗೋಳಜ್ಞ ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ದೂರದರ್ಶಕದೊಳಗಿನ ಈ ಎಳೆಗಳ ಬಲೆಯನ್ನೇ.

ರಘುನಾಥಾಚಾರಿ 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. ಪಂಚಾಂಗವನ್ನು ಕಣ್ಣಿಗೆ ಕಾಣುವ ಆಕಾಶಕ್ಕೆ ತಾಳೆ ಹಾಕಬೇಕೆಂದು ವಾದಿಸಿ ದೃಗ್ಗಣಿತ ಪಂಚಾಂಗ ಹೊರಡಿಸಿದರು. 1874ರ ಡಿಸೆಂಬರಿನಲ್ಲಿ ಶುಕ್ರ ಸೂರ್ಯನ ಮುಖದ ಮೇಲೆ ಹಾದುಹೋದಾಗ ಜನಸಾಮಾನ್ಯರಿಗೆಂದು ಅವರು ಬರೆದ ಪುಸ್ತಿಕೆ ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. 1880ರಲ್ಲಿ ತೀರಿಕೊಂಡರು. ಕನ್ನಡ ಓದುಗರಿಗೆ ಆಕಾಶ ವಿವರಿಸಿದ ಮದ್ರಾಸಿನ ಈ ಮನುಷ್ಯನ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ನನಗಂತೂ ಸಿಕ್ಕಿರಲಿಲ್ಲ.

ಸರಿ, ನಕ್ಷತ್ರ ಹಿಗ್ಗುವುದೇಕೆ, ಕುಗ್ಗುವುದೇಕೆ?

ಈ ಜಾತಿಯ ಚರತಾರೆಗಳೆಲ್ಲ ಮುದಿವಯಸ್ಸಿಗೆ ಬಂದ ಸೂರ್ಯನಂಥ ನಕ್ಷತ್ರಗಳು. ನಡುಭಾಗದ ಹೈಡ್ರೋಜನ್ ಮುಗಿದು, ಆಮೇಲೆ ಹೀಲಿಯಂ ಕೂಡ ಉರಿದು ಕಾರ್ಬನ್-ಆಮ್ಲಜನಕದ ಬೂದಿ ಗಟ್ಟಿಯಾಗಿ ಕೂತಿರುತ್ತದೆ. ಉರಿ ಈಗ ಅದರ ಸುತ್ತಲಿನ ತೆಳು ಪದರಗಳಲ್ಲಿ. ಹೊರಮೈ ಮಾತ್ರ ಉಬ್ಬಿ ಉಬ್ಬಿ, ಸೂರ್ಯನ ಜಾಗದಲ್ಲಿ ತಂದಿಟ್ಟರೆ ಭೂಮಿಯ ಕಕ್ಷೆಯೂ ಅದರ ಹೊಟ್ಟೆಯೊಳಗೆ ಸೇರುವಷ್ಟು ದೊಡ್ಡದಾಗಿರುತ್ತದೆ. ಕೆಂಪು ದೈತ್ಯ ಅನ್ನುವುದು ಇದನ್ನೇ. ದೈತ್ಯ ಅಂದರೂ ಮೈಯಲ್ಲಿ ಗಟ್ಟಿತನವಿಲ್ಲ. ಹೊರಪದರದ ಅನಿಲ ನಾವು ಉಸಿರಾಡುವ ಗಾಳಿಗಿಂತ ಎಷ್ಟೋ ತೆಳು.

ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಪಾತ್ರೆಯ ಮುಚ್ಚಳ ನೋಡಿ. ಒಳಗೆ ಆವಿ ಸೇರುತ್ತದೆ, ಒತ್ತಡ ಏರುತ್ತದೆ, ಮುಚ್ಚಳ ಮೇಲೇಳುತ್ತದೆ. ಎದ್ದ ಕೂಡಲೇ ಆವಿ ಸಂದಿಯಿಂದ ನುಣುಚಿಕೊಳ್ಳುತ್ತದೆ, ಒತ್ತಡ ಬಿದ್ದು ಮುಚ್ಚಳ ಟಕ್ ಎಂದು ಕೂರುತ್ತದೆ. ಮತ್ತೆ ಆವಿ, ಮತ್ತೆ ಟಕ್. ಉರಿ ಒಂದೇ ಸಮ ಇದ್ದರೂ ಮುಚ್ಚಳ ಕುಣಿಯುತ್ತಲೇ ಇರುತ್ತದೆ. ಕೆಂಪು ದೈತ್ಯದಲ್ಲಿ ಮುಚ್ಚಳದ ಕೆಲಸ ಮಾಡುವುದು ಹೊರಮೈಯ ಕೆಳಗಿರುವ ಹೈಡ್ರೋಜನ್ನಿನ ಒಂದು ಪದರ. ನಕ್ಷತ್ರ ಕುಗ್ಗಿದಾಗ ಈ ಪದರ ಒತ್ತಿಹೋಗುತ್ತದೆ. ಒತ್ತಿದ ಶಕ್ತಿ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುವುದಕ್ಕೆ ಖರ್ಚಾಗಿ, ಅಲ್ಲೇ ಜಮೆಯಾಗುತ್ತದೆ. ಪದರ ಬೆಳಕಿಗೆ ದಾರಿ ಬಿಡದ ಗೋಡೆಯಾಗುತ್ತದೆ. ಒಳಗಿನಿಂದ ಬರುವ ಶಾಖ ಅದರ ಹಿಂದೆ ಕಟ್ಟಿಕೊಂಡು ಹೊರಮೈಯನ್ನು ನೂಕುತ್ತದೆ, ನಕ್ಷತ್ರ ಉಬ್ಬುತ್ತದೆ. ಉಬ್ಬಿದಾಗ ಪದರ ತಣಿದು ಎಲೆಕ್ಟ್ರಾನುಗಳು ಮರಳಿ ಗೂಡು ಸೇರುತ್ತವೆ, ಗೋಡೆ ತೆಳುವಾಗುತ್ತದೆ, ಕೂಡಿಟ್ಟ ಶಾಖ ಸೋರಿಹೋಗುತ್ತದೆ. ಹಿಡಿದೆತ್ತುವ ಬಲವಿಲ್ಲದೆ ಹೊರಮೈ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಮತ್ತೆ ಮೊದಲಿನಿಂದ. ಒಳಗಿನ ಕುದಿತ ಇದಕ್ಕೆಲ್ಲ ಸೇರಿಕೊಂಡು ಲೆಕ್ಕವನ್ನು ಗೋಜಲು ಮಾಡುತ್ತದೆ. ಅದಕ್ಕೇ ಒಂದು ಸುತ್ತು ಇನ್ನೊಂದರ ಅಚ್ಚಿನಂತೆ ಇರುವುದಿಲ್ಲ. ಆರ್ ಲಿಯೋನಿಸ್ ಒಂದು ಸಲ 5ಕ್ಕೆ ಏರಿದರೆ ಇನ್ನೊಂದು ಸಲ 6ರ ಹತ್ತಿರವೇ ಸುಸ್ತಾಗಿ ನಿಲ್ಲಬಹುದು.

ಒಂದು ಸುತ್ತಿಗೆ ವರ್ಷದ ಹತ್ತಿರ ಏಕೆ ಬೇಕು? ಮೈ ದೊಡ್ಡದು, ಸಾಂದ್ರತೆ ಕಡಿಮೆ. ತಬಲಾದ ಮೈ ಪಟಪಟನೆ ಅದುರುತ್ತದೆ, ನಗಾರಿಯದು ನಿಧಾನಕ್ಕೆ ಗುಮ್ಮೆನ್ನುತ್ತದೆ. ನಮ್ಮ ಸೂರ್ಯನ ಮೈ ಕೂಡ ಅದುರುತ್ತಲೇ ಇದೆ, ಆದರೆ ಸುಮಾರು 5 ನಿಮಿಷಕ್ಕೊಮ್ಮೆ ಮತ್ತು ಯಾರಿಗೂ ಕಾಣದಷ್ಟು ಸಣ್ಣಗೆ.

ಇಲ್ಲಿಯವರೆಗೆ ಓದಿದವರು ಹಿಗ್ಗಿದಾಗ ನಕ್ಷತ್ರ ಹೊಳೆಯುತ್ತದೆ, ಕುಗ್ಗಿದಾಗ ಮಂಕಾಗುತ್ತದೆ ಎಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಹೆಚ್ಚುಕಡಿಮೆ ಅದರ ತಿರುಗುಮುರುಗು. ಹಿಗ್ಗಿದಾಗ ಮೈ ತಣ್ಣಗಾಗುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಆದರೆ ಇವುಗಳದ್ದು ಚೆನ್ನಾಗಿದ್ದಾಗಲೂ 3,000ದ ಆಸುಪಾಸು. ಅಷ್ಟು ತಂಪಿನಲ್ಲಿ ಟೈಟಾನಿಯಂ ಮತ್ತು ಆಮ್ಲಜನಕ ಕೂಡಿ ಟೈಟಾನಿಯಂ ಆಕ್ಸೈಡಿನ ಅಣುಗಳಾಗುತ್ತವೆ. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಹತ್ತಿರದ ನೆಂಟ ಇದು, ಒಂದು ಆಮ್ಲಜನಕ ಕಡಿಮೆ. ನೆಂಟನ ಗುಣ ಇದಕ್ಕಿಲ್ಲ. ಅದು ಬೆಳಕನ್ನು ಚದುರಿಸಿ ಗೋಡೆ ಬೆಳ್ಳಗಿಟ್ಟರೆ, ಇದು ಕಣ್ಣಿಗೆ ಕಾಣುವ ಬೆಳಕನ್ನೇ ನುಂಗುತ್ತದೆ. ಮೈ ಒಂದಿಷ್ಟು ತಣಿದರೂ ಈ ಅಣುಗಳ ಪರದೆ ದಪ್ಪವಾಗುತ್ತದೆ. ಮೇಲಾಗಿ ತಂಪಾದ ಕಾಯದ ಬೆಳಕೆಲ್ಲ ಕಣ್ಣಿಗೆ ಕಾಣದ ಅವಕೆಂಪಿನ ಕಡೆಗೆ ಜಾರುತ್ತದೆ. ಅವಕೆಂಪು ಕಣ್ಣಿನಿಂದ ನೋಡಿದರೆ ಇದೇ ನಕ್ಷತ್ರ ಏರಿಳಿಯುವುದು ಹೆಚ್ಚೆಂದರೆ ಒಂದು ಅಂಕಿಯಷ್ಟು. ನಮಗೆ ಕಾಣುವ ಐನೂರು ಪಟ್ಟಿನ ನಾಟಕದಲ್ಲಿ ಬಹುಪಾಲು ಪರದೆಯದೇ.

ಪ್ರತಿ ಬಡಿತಕ್ಕೂ ಹೊರಮೈಯಿಂದ ಒಂದಿಷ್ಟು ಅನಿಲ ಚಿಮ್ಮಿ, ತಣಿದು, ಧೂಳಾಗಿ ದೂರ ಹೋಗುತ್ತದೆ. ನಕ್ಷತ್ರ ತನ್ನ ಹೊದಿಕೆಯನ್ನೆಲ್ಲ ಹೀಗೆ ಕಳಚಿ ಕೊನೆಗೆ ಬಿಳಿ ಕುಬ್ಜವಾಗಿ ಉಳಿಯುತ್ತದೆ. ಸೂರ್ಯನಿಗೂ ಸುಮಾರು 500 ಕೋಟಿ ವರ್ಷದ ನಂತರ ಇದೇ ಗತಿ. ಕಳಚಿಹೋದ ಸರಕು ಬರಿ ಕಸವಲ್ಲ. 1952ರಲ್ಲಿ ಪಾಲ್ ಮೆರಿಲ್ ಎಂಬ ಅಮೆರಿಕನ್ ಖಗೋಳಜ್ಞ ಇಂಥ ಕೆಲವು ತಾರೆಗಳ ಬೆಳಕಿನಲ್ಲಿ ಟೆಕ್ನೀಷಿಯಂ ಎಂಬ ಧಾತುವಿನ ಗುರುತು ಕಂಡರು. ಆ ಧಾತುವಿನ ಅತಿ ದೀರ್ಘಾಯುಷಿ ರೂಪ ಕೂಡ ಸುಮಾರು 40 ಲಕ್ಷ ವರ್ಷದಲ್ಲಿ ಅರ್ಧ ಕರಗಿಹೋಗುತ್ತದೆ. ನೂರಾರು ಕೋಟಿ ವರ್ಷದ ನಕ್ಷತ್ರದಲ್ಲಿ ಅದು ಇನ್ನೂ ಇದೆ ಅಂದರೆ ಮೊನ್ನೆ ಮೊನ್ನೆ ಅಲ್ಲೇ ತಯಾರಾಗಿರಬೇಕು. ನಕ್ಷತ್ರಗಳು ಧಾತುಗಳ ಅಡುಗೆಮನೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಅಲ್ಲಿಯವರೆಗೆ ಇರಲಿಲ್ಲ.

ಈ ಇಡೀ ಕುಲಕ್ಕೆ ಹೆಸರು ಕೊಟ್ಟ ನಕ್ಷತ್ರ ಮೀರಾ, ತಿಮಿಂಗಿಲ ಪುಂಜದ್ದು. ಭಜನೆಯ ಮೀರಾಬಾಯಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನಲ್ಲಿ ಅಚ್ಚರಿಯದು ಎಂಬ ಅರ್ಥ. 1596ರ ಆಗಸ್ಟಿನಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಪಾದ್ರಿ ಗ್ರಹವೊಂದರ ಸ್ಥಾನ ಅಳೆಯಲು ಇದನ್ನು ಗುರುತಾಗಿ ಹಿಡಿದುಕೊಂಡ. ಕೆಲವೇ ವಾರದಲ್ಲಿ ಗುರುತೇ ಕಾಣೆಯಾಯಿತು. 1638ರಲ್ಲಿ ಹಾಲೆಂಡಿನ ಹೊಲ್ವಾರ್ಡಾ ಅದು ಹೋಗಿ ಬರುವ ನಕ್ಷತ್ರ ಎಂದು ತೋರಿಸಿದ. 1662ರಲ್ಲಿ ಹೆವೀಲಿಯಸ್ ಹೆಸರಿಟ್ಟ. ಮೀರಾದ ಅವಧಿ 332 ದಿನ. ಒಳ್ಳೆಯ ವರ್ಷದಲ್ಲಿ ಅದು 2ರಿಂದ 3ರ ಹೊಳಪಿಗೆ ಏರುತ್ತದೆ, ಅಂದರೆ ಪೋರೂರಿನಲ್ಲೂ ಬರಿಗಣ್ಣಿಗೆ ಸಿಗುವಷ್ಟು. ಅದು ಉದುರಿಸಿಕೊಂಡು ಹೋದ ಅನಿಲ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲವಾಗಿರುವುದನ್ನು ಗೆಲೆಕ್ಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ 2007ರಲ್ಲಿ ಕಂಡರು.

ಚೆನ್ನೈಯವರಿಗೆ ಮೀರಾದ ಜೊತೆ ಒಂದು ಜಗಳವಿದೆ. ಅದು ಸಂಜೆ ಆಕಾಶದಲ್ಲಿ ಚೆನ್ನಾಗಿ ಕೂರುವುದು ಅಕ್ಟೋಬರಿನಿಂದ ಜನವರಿಯವರೆಗೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಆ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ. ಇಲ್ಲಿ ಅಸಲು ಮಳೆಗಾಲ ಶುರುವಾಗುವುದೇ ಆಗ. ಮೂರು ವಾರ ಕಾದು ಒಂದು ರಾತ್ರಿ ಮೋಡ ಬಿರಿದರೆ, ಅವತ್ತೇ ಹುಣ್ಣಿಮೆ. ಇದರ ಮೇಲೆ ಇನ್ನೊಂದು ತೊಡಕು. 332 ಅಂದರೆ ವರ್ಷಕ್ಕಿಂತ 33 ದಿನ ಕಡಿಮೆ. ಆದ್ದರಿಂದ ಮೀರಾದ ಉಜ್ವಲ ದಿನ ಪ್ರತಿವರ್ಷ ತಿಂಗಳಷ್ಟು ಹಿಂದಕ್ಕೆ ಸರಿಯುತ್ತದೆ. ಒಂದು ಸಲ ನವೆಂಬರ್ ಆದರೆ ಮುಂದಿನ ಸಲ ಅಕ್ಟೋಬರ್, ಹೀಗೆ ಹಿಂದೆ ಹಿಂದೆ ಹೋಗಿ ಏಪ್ರಿಲ್ ಬಂದಾಗ ಅದು ಸೂರ್ಯನ ಮರೆಯಲ್ಲಿರುತ್ತದೆ, ನೆಂಟರು ಬಂದಾಗ ನಾವು ಊರಲ್ಲಿಲ್ಲದ ಹಾಗೆ. ಒಂದು ಸಮಾಧಾನವಿದೆ: 332ನ್ನು 11ರಿಂದ ಗುಣಿಸಿದರೆ 3,652. ಹತ್ತು ವರ್ಷಕ್ಕೂ ಸರಿಸುಮಾರು ಅಷ್ಟೇ ದಿನ. ಅಂದರೆ ಒಂದು ಡಿಸೆಂಬರಿನಲ್ಲಿ ಮೀರಾವನ್ನು ಅದರ ಪೂರ್ಣ ಕಳೆಯಲ್ಲಿ ಕಂಡವರು ಹತ್ತು ವರ್ಷ ಬಿಟ್ಟು ಅದೇ ಡಿಸೆಂಬರಿನಲ್ಲಿ ಮತ್ತೆ ನಿರೀಕ್ಷಿಸಬಹುದು.

ಅದಕ್ಕೇ ಹೊಸಬರಿಗೆ ನಾನು ಹೇಳುವುದು ಆರ್ ಲಿಯೋನಿಸ್‌ನಿಂದ ಶುರುಮಾಡಿ ಎಂದು. ಫೆಬ್ರವರಿಯಿಂದ ಏಪ್ರಿಲ್, ಇಲ್ಲಿ ಆಕಾಶ ತೆರೆದಿರುವ ತಿಂಗಳುಗಳು. ಮೇಲಾಗಿ ಚೆನ್ನೈ 13 ಡಿಗ್ರಿ ಅಕ್ಷಾಂಶದಲ್ಲಿದೆ, ಈ ನಕ್ಷತ್ರ ಖಗೋಳದಲ್ಲಿ 11.4 ಡಿಗ್ರಿ ಉತ್ತರಕ್ಕಿದೆ. ಅಂದರೆ ಅದು ನಮ್ಮ ನೆತ್ತಿಗೆ ಎರಡು ಡಿಗ್ರಿಯೊಳಗೆ ಹಾದುಹೋಗುತ್ತದೆ. ಊರಿನ ಬೆಳಕು, ಧೂಳು, ಮೆಟ್ರೋ ಕಾಮಗಾರಿಯ ಫ್ಲಡ್‌ಲೈಟು ಎಲ್ಲವೂ ಅತಿ ಕಡಿಮೆ ಕಾಡುವ ಜಾಗ ಅದು. ಬೆಂಗಳೂರಿನ ಅಕ್ಷಾಂಶವೂ ಅಷ್ಟೇ, ಅಲ್ಲಿಯವರಿಗೂ ಈ ಸೌಕರ್ಯ ಉಂಟು.

ಮಾರ್ಚ್ ಕೊನೆಯ ವಾರ ರಾತ್ರಿ ಒಂಬತ್ತೂವರೆಗೆ ಮಲಗಿ ಮೇಲೆ ನೋಡಿ. ನೆತ್ತಿಯ ಹತ್ತಿರ ಹೊಳೆಯುವ ನೀಲಿಬಿಳುಪಿನ ನಕ್ಷತ್ರ ಮಘಾ. ಬೈನಾಕ್ಯುಲರನ್ನು ಅದರ ಮೇಲಿಟ್ಟು, ಅದು ನೋಟದ ಪೂರ್ವದ ಅಂಚಿಗೆ ಬರುವವರೆಗೆ ಪಶ್ಚಿಮಕ್ಕೆ ಸರಿಸಿ. ಎದುರಿನ ಅಂಚಿನ ಹತ್ತಿರ, ಮಘೆಯಿಂದ 5 ಡಿಗ್ರಿ ದೂರದಲ್ಲಿ, ಮೂರು ಚುಕ್ಕಿಯ ಪುಟ್ಟ ಗುಂಪು ಸಿಗುತ್ತದೆ. ಎರಡು ಸಾಧಾರಣ ನಕ್ಷತ್ರಗಳು: 18 ಲಿಯೋನಿಸ್, ಸುಮಾರು 5.7, 19 ಲಿಯೋನಿಸ್, ಸುಮಾರು 6.4. ಮೂರನೆಯದು, ಕೆಂಪಗಿರುವುದು, ಆರ್. ಎರಡೇ ಚುಕ್ಕಿ ಕಂಡರೆ ಆರ್ ಮಂಕಾಗಿದೆ ಎಂದರ್ಥ.

ಅಳೆಯುವುದು ತಕ್ಕಡಿಯ ಲೆಕ್ಕ. ಆರ್ 18ಕ್ಕಿಂತ ಮಂಕು, 19ಕ್ಕಿಂತ ಹೊಳಪು ಅನ್ನಿ. ಎರಡರ ನಡುವೆ 7 ದಶಾಂಶದ ಅಂತರ. ಆರ್ ಎಲ್ಲಿ ನಿಲ್ಲುತ್ತದೆ, ನಟ್ಟನಡುವೆಯೋ, 18ರ ಕಡೆಗೋ? 18ರಿಂದ ಏಳರಲ್ಲಿ ಮೂರು ಪಾಲು ಕೆಳಗೆ ಅನ್ನಿಸಿದರೆ 6.0. ಅಷ್ಟೇ. ಅಭ್ಯಾಸವಾದ ಕಣ್ಣು ಒಂದೆರಡು ದಶಾಂಶದೊಳಗೆ ಹೇಳಿಬಿಡುತ್ತದೆ. ಯಾವ ಯಂತ್ರವೂ ಬೇಡ.

ಆದರೆ ಕೆಂಪು ನಕ್ಷತ್ರ ಕಣ್ಣಿಗೆ ಮೋಸ ಮಾಡುತ್ತದೆ. ದಿಟ್ಟಿಸಿ ನೋಡುತ್ತ ಕೂತರೆ ಅದು ನಿಮ್ಮೆದುರೇ ಹೊಳಪೇರುತ್ತ ಹೋದಂತೆ ಕಾಣುತ್ತದೆ. ಆದ್ದರಿಂದ ಚಕ್ ಚಕ್ಕೆಂದು ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಬೇಕು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ. ಫೋಕಸ್ಸನ್ನು ತುಸು ಕೆಡಿಸಿ ಮೂರನ್ನೂ ಮಸುಕು ಬಿಲ್ಲೆ ಮಾಡಿಕೊಂಡರೆ ಬಣ್ಣದ ಗೊಂದಲ ತಗ್ಗುತ್ತದೆ. ಹುಣ್ಣಿಮೆಯ ಆಸುಪಾಸು ಬೇಡ. ವಾರಕ್ಕೊಂದು ಸಲ, ಹೆಚ್ಚೆಂದರೆ ಹತ್ತು ದಿನಕ್ಕೊಂದು ಸಲ ಸಾಕು. ದಿನಾ ನೋಡಿದರೆ ನಕ್ಷತ್ರ ಬದಲಾಗಿರುವುದಿಲ್ಲ, ನಿಮ್ಮ ಮನಸ್ಸು ಬದಲಾಗಿರುತ್ತದೆ.

ಹಿಂದಿನ ವಾರದ ಅಂಕಿಯನ್ನು ಮಾತ್ರ ನೋಡಿಕೊಂಡು ತಾರಸಿಗೆ ಹತ್ತಬೇಡಿ. ನನ್ನ ಮೊದಲ ವರ್ಷದ ಕಥೆ ಕೇಳಿ. ಆರ್ ಏರುತ್ತಿದೆ ಎಂದು ಎಲ್ಲೋ ಓದಿ, ಹುರುಪಿನಲ್ಲಿ ಐದು ವಾರ ಬರೆದೆ. 5.8, 5.7, 5.7, 5.6, 5.7. ಗ್ರಾಫ್ ಹಾಳೆಯಲ್ಲಿ ಎಳೆದಾಗ ಗೆರೆ ಹಾಸಿದ ಚಾಪೆಯ ಹಾಗೆ ಮಲಗಿತ್ತು. ನಕ್ಷತ್ರ ಜಡವಾಗಿದೆಯಲ್ಲ ಎಂದು ಬೇಸರಪಟ್ಟೆ. ಆರನೆಯ ವಾರ ನಕ್ಷೆಯನ್ನು ತಲೆಕೆಳಗು ಮಾಡಿ ಹಿಡಿದಾಗ ಗೊತ್ತಾಯಿತು, ನಾನು ಇಷ್ಟು ದಿನ ನೋಡಿದ್ದು 18 ಲಿಯೋನಿಸ್ ಅನ್ನು. ಆರ್ ಪಕ್ಕದಲ್ಲೇ ಇತ್ತು, ಇಳಿಯುತ್ತಿತ್ತು. ಆ ಪುಟವನ್ನು ಹರಿಯದೆ ಇಟ್ಟುಕೊಂಡಿದ್ದೇನೆ.

ಬರೆದದ್ದನ್ನು ಕಳಿಸಬೇಕೆನಿಸಿದರೆ 1911ರಲ್ಲಿ ಶುರುವಾದ ಅಮೆರಿಕದ ಚರತಾರೆ ವೀಕ್ಷಕರ ಸಂಘ ಎಲ್ಲ ದೇಶದ ಹವ್ಯಾಸಿಗಳ ಅಂಕಿಗಳನ್ನೂ ತೆಗೆದುಕೊಳ್ಳುತ್ತದೆ. ನಮ್ಮ ಉಪಖಂಡದಿಂದ ಅವರಿಗೆ ಅತಿ ನಿಷ್ಠೆಯಿಂದ ಬರೆದವರು ಜೆಸ್ಸೋರಿನ ರಾಧಾಗೋವಿಂದ ಚಂದ್ರ. ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ನೌಕರಿ ಅವರದು. ಹಗಲು ಖೋಟಾ ನಾಣ್ಯ ಹುಡುಕಿ, ರಾತ್ರಿ ನಕ್ಷತ್ರ ನೋಡಿ, 37 ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಕಳಿಸಿಕೊಟ್ಟರು. ಮೆಚ್ಚಿದ ಸಂಘ 1926ರಲ್ಲಿ ಅವರಿಗೊಂದು ದೂರದರ್ಶಕ ಕಳಿಸಿತು. ಅವರ ನಂತರ ಅದು ಖಗೋಳಜ್ಞ ವೇಣು ಬಾಪು ಅವರ ಕೈಗೆ ಬಂದು, ಕೊನೆಗೆ ಜವ್ವಾದಿ ಬೆಟ್ಟದ ಕಾವಲೂರು ವೀಕ್ಷಣಾಲಯ ಸೇರಿತು. ನಮ್ಮ ಪೋರೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ತಿರುಗಿದರೆ ಆ ಬೆಟ್ಟ.

ಬೈನಾಕ್ಯುಲರ್ ಇಲ್ಲದವರು ಆರ್ದ್ರಾ ನಕ್ಷತ್ರವನ್ನು ಹಿಡಿದುಕೊಳ್ಳಬಹುದು. ಅದು ಇನ್ನೂ ಭಾರಿ ಗಾತ್ರದ ಬೇರೆ ಜಾತಿಯ ಕೆಂಪು ನಕ್ಷತ್ರ, ಬಡಿತವೂ ಅಷ್ಟು ಕ್ರಮವಾಗಿಲ್ಲ, ಸುಮಾರು 400 ದಿನದ ಸುತ್ತು. 2020ರ ಫೆಬ್ರವರಿಯಲ್ಲಿ ಅದು 1.6ಕ್ಕೆ ಇಳಿದು ಗುರುತೇ ಸಿಗದ ಹಾಗಾಗಿತ್ತು. ತಾನೇ ಉಗುಳಿದ ಧೂಳು ತನ್ನ ಮುಖಕ್ಕೇ ಅಡ್ಡ ಬಂದದ್ದು ಎಂದು ಆಮೇಲೆ ತಿಳಿಯಿತು. ಪಕ್ಕದ ರೋಹಿಣಿಗೆ ಹೋಲಿಸುತ್ತ ಹೋದರೆ ಬರಿಗಣ್ಣಿಗೇ ಏರಿಳಿತ ಸಿಗುತ್ತದೆ.

ಹೋದ ಜನವರಿಯಲ್ಲಿ ಒಂದು ಸಂಜೆ ರಘುನಾಥಾಚಾರಿಯವರ ನಕ್ಷತ್ರವನ್ನೇ ನೋಡೋಣ ಎಂದು ಹೊರಟೆ. ಅಗಸ್ತ್ಯ ನಕ್ಷತ್ರದಿಂದ ಪಶ್ಚಿಮಕ್ಕೆ, ಕೆಳಗೆ. ಪೋರೂರಿನಿಂದ ಅದು ದಿಗಂತಕ್ಕಿಂತ ಮೇಲೇಳುವುದು ಹೆಚ್ಚೆಂದರೆ 14 ಡಿಗ್ರಿ, ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆಯಷ್ಟು. ನಮ್ಮ ದಕ್ಷಿಣ ದಿಕ್ಕಿಗೆ ಮೀನಂಬಾಕ್ಕಂ ವಿಮಾನ ನಿಲ್ದಾಣದ ಕಡೆಯ ಬೆಳಕು ಹಾಲು ಚೆಲ್ಲಿದ ಹಾಗೆ ಹರಡಿತ್ತು. ಇಳಿಯುವ ವಿಮಾನವೊಂದು ದೀಪ ಹಾಕಿಕೊಂಡು ಅಡ್ಡ ಬಂತು. ಅದು ಹೋದಮೇಲೆ ಆ ಮಬ್ಬಿನಲ್ಲಿ ಒಂದೇ ಒಂದು ಚುಕ್ಕಿ ಸಿಕ್ಕಿತು, ಆಲ್ಫಾ ರೆಟಿಕ್ಯುಲಿ, 3.3. ಅದರ ಪೂರ್ವಕ್ಕೆ ಎರಡು ಡಿಗ್ರಿ, ಅದೇ ನೋಟದೊಳಗೆ, ಆರ್ ಇರಬೇಕು. ಹತ್ತು ನಿಮಿಷ ಕಾದೆ. ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ ಹಾಕಿ ಬರೆದೆ: "ಆರ್ ರೆಟಿಕ್ಯುಲಿ, 5.5ಕ್ಕಿಂತ ಮಂಕು." ಅದು ಯಾವತ್ತೂ 5.5ಕ್ಕಿಂತ ಮಂಕೇ. ಆದರೂ ಬರೆದೆ.